ಹೆಸರಿಲ್ಲದ ನಲವತ್ತು ನಿಮಿಷ

ಕುಸುಮ ಒಕ್ಕೂಟದ ಕೆಲಸಕ್ಕೆ ಸೇರಿದ ದಿನದಿಂದ ಶಿವಕುಮಾರಸ್ವಾಮಿಗೆ ಊಟ ಸೇರುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಏರಿರಬೇಕು ಎಂದು ಹೆಂಡತಿ ಬಲವಂತ ಮಾಡಿ ರಕ್ತ ಪರೀಕ್ಷೆಗೆ ಕರೆದುಕೊಂಡು ಹೋದಳು. ಸಕ್ಕರೆ ಇರಬೇಕಾದಷ್ಟೇ ಇತ್ತು. ಅವನಿಗೆ ಹತ್ತಿಕೊಂಡಿದ್ದು ಹೊಟ್ಟೆಕಿಚ್ಚು. ಅದನ್ನು ಅಳೆಯುವ ಲ್ಯಾಬು ಕೊಳ್ಳೇಗಾಲದಲ್ಲಿ ಇನ್ನೂ ಶುರುವಾಗಿಲ್ಲ.

ಹಾಗಂತ ಅವನೇನು ಸಣ್ಣ ಮನುಷ್ಯನಲ್ಲ. ಹದಿಮೂರು ವರ್ಷದ ಹಿಂದೆ ಕೊಳ್ಳೇಗಾಲ, ಯಳಂದೂರು ಮತ್ತು ಹನೂರು ಕಡೆಯ ಹದಿನಾಲ್ಕು ನೀರು ಬಳಕೆದಾರರ ಸಂಘಗಳು ಸೇರಿ ಒಂದು ಒಕ್ಕೂಟ ಕಟ್ಟಿಕೊಂಡವು. ಯಾವ ಗದ್ದೆಗೆ ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಹೊತ್ತು ಕಾಲುವೆ ನೀರು ಎಂಬ ಸರದಿಯನ್ನು ಲೆಕ್ಕ ಹಾಕಿ ರೈತರ ಮೊಬೈಲಿಗೆ ಮೆಸೇಜು ಕಳಿಸುವ ಸಾಫ್ಟ್‌ವೇರ್ ಬೇಕಾಯಿತು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟುಕೊಂಡಿದ್ದ ಶಿವಕುಮಾರಸ್ವಾಮಿ ಅದನ್ನು ಒಬ್ಬನೇ ಕೂತು ಬರೆದ. ಅದಕ್ಕೂ ಮೊದಲು ಬೇಸಿಗೆ ಬಂದರೆ ತೂಬಿನ ಹತ್ತಿರ ಗುದ್ದಲಿ ಎತ್ತಿಕೊಂಡು ಜಗಳವಾಡುತ್ತಿದ್ದ ಜನ ಆಮೇಲೆ ಮೆಸೇಜು ನೋಡಿಕೊಂಡು ಸುಮ್ಮನೆ ಹೋಗಿ ನೀರು ಕಟ್ಟಿಕೊಂಡು ಬರುವಂತಾಯಿತು.

ಜನ ಅವನನ್ನು ನೀರುಸ್ವಾಮಿ ಎಂದರು. ಮೂರು ತಾಲೂಕಿನ ಮದುವೆ ಮನೆಗಳಲ್ಲಿ ಅವನಿಗೆ ಮುಂದಿನ ಸಾಲಿನ ಕುರ್ಚಿ. ದಿನಕ್ಕೆ ನಲವತ್ತು ಫೋನು. ‘ನೆಮ್ಮದಿಯಾಗಿ ಒಂದು ತುತ್ತು ಉಣ್ಣೋಕೆ ಬಿಡಲ್ಲ’ ಎಂದು ಹೆಂಡತಿಯ ಮುಂದೆ ಗೊಣಗುತ್ತಿದ್ದ, ಒಂದು ಗಂಟೆ ಫೋನು ಬರದಿದ್ದರೆ ಅದು ಆಫ್ ಆಗಿದೆಯೋ ಎಂದು ತೆಗೆದು ತೆಗೆದು ನೋಡುತ್ತಿದ್ದ.

ಆದರೆ ಹದಿಮೂರು ವರ್ಷದಲ್ಲಿ ಆ ಸಾಫ್ಟ್‌ವೇರಿಗೆ ಹಾಕಿದ ತೇಪೆಗಳು ಒಂದೆರಡಲ್ಲ. ಅದನ್ನು ಬರೆದಾಗ ಹನೂರು ಇನ್ನೂ ತಾಲೂಕಾಗಿರಲಿಲ್ಲ, ಕೊಳ್ಳೇಗಾಲಕ್ಕೇ ಸೇರಿತ್ತು. ತಾಲೂಕಾದ ಮೇಲೆ ಅವನು ಪಟ್ಟಿಯನ್ನು ಬೇರೆ ಮಾಡುವ ತಂಟೆಗೆ ಹೋಗದೆ, ಕೊಳ್ಳೇಗಾಲದ ಹಳ್ಳಿಗಳಲ್ಲಿ ಕೌದಳ್ಳಿ, ಒಡೆಯರಪಾಳ್ಯದಂಥ ಹೆಸರು ಕಂಡರೆ ಅದನ್ನು ಹನೂರು ಎಂದು ತಿಳಿದುಕೋ ಎಂದು ನಡುವೆ ಒಂದು ಸಾಲು ತುರುಕಿದ. ಶಿವರಾತ್ರಿಗೆ ಜಾತ್ರೆಯ ಬೆಟ್ಟಕ್ಕೆ ಹೋಗುವ ದಾರಿಯ ಊರುಗಳಲ್ಲಿ ಯಾರೂ ಗದ್ದೆಗೆ ಇಳಿಯುವುದಿಲ್ಲ, ಸರದಿ ಮುಂದಕ್ಕೆ ಹೋಗಬೇಕು. ಆ ತಾರೀಕುಗಳನ್ನು ಪ್ರತಿ ವರ್ಷ ಅವನೇ ಕೈಯಾರೆ ತುಂಬುತ್ತಿದ್ದ. ಇದೆಲ್ಲ ಓಡುತ್ತಿದ್ದುದು ಅವನ ಅಂಗಡಿಯ ಮೇಜಿನ ಕೆಳಗಿದ್ದ ಒಂದು ಹಳೆಯ ಕಂಪ್ಯೂಟರಿನಲ್ಲಿ. ಕಸ ಗುಡಿಸುವವರು ಅದರ ವೈರಿಗೆ ಪೊರಕೆ ತಾಗಿಸಿದರೂ ಅವನು ಕುರ್ಚಿಯಿಂದ ಎಗರಿ ಏಳುತ್ತಿದ್ದ.

ಹೋದ ಬೇಸಿಗೆಯಲ್ಲಿ ಕೌದಳ್ಳಿ ಕಡೆ ಇಬ್ಬರಿಗೆ ಒಂದೇ ಹೊತ್ತಿನ ಸರದಿ ಹೋಯಿತು. ಮುಂದಿನ ವಾರ ಮೂರು ಊರಿಗೆ ಮೆಸೇಜೇ ಹೋಗಲಿಲ್ಲ. ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಕೆಡುತ್ತಿತ್ತು. ಒಕ್ಕೂಟದ ಅಧ್ಯಕ್ಷರು ಕೆಂಪನಂಜಪ್ಪ, ಎಪ್ಪತ್ತರ ಹತ್ತಿರದ ಹಿರಿಯರು, ನೋಯದ ಹಾಗೆ ಮಾತಾಡುವವರು. ನೀವೂ ಒಬ್ಬರೇ ಎಷ್ಟೂಂತ ಒದ್ದಾಡುತ್ತೀರಿ, ಜೊತೆಗೆ ಒಬ್ಬರು ಇರಲಿ ಎಂದರು. ಜೊತೆಗೆ ಎಂದರೆ ಜಾಗಕ್ಕೆ ಎಂದು ಅರ್ಥ ಮಾಡಿಕೊಳ್ಳದಷ್ಟು ದಡ್ಡ ಶಿವಕುಮಾರಸ್ವಾಮಿ ಆಗಿರಲಿಲ್ಲ.

ಬಂದವಳು ಕುಸುಮ. ಕೌದಳ್ಳಿಯ ಹುಡುಗಿ. ಪಿಯುಸಿ ಓದುವಾಗ ಎರಡು ವರ್ಷ ಅವನ ಸೆಂಟರಿನಲ್ಲೇ ಕಂಪ್ಯೂಟರ್ ಕಲಿತವಳು. ಆಮೇಲೆ ಮೈಸೂರಿನಲ್ಲಿ ಓದಿ, ಅಲ್ಲೇ ಒಂದು ಕಂಪನಿಯಲ್ಲಿ ಆರು ವರ್ಷ ದುಡಿದು ಬಂದಿದ್ದಳು. ಮೊದಲ ದಿನ ಅಂಗಡಿಗೆ ಬಂದು, ಎಲ್ಲರೂ ನೋಡುತ್ತಿದ್ದ ಹಾಗೆ ಅವನ ಕಾಲು ಮುಟ್ಟಿ, ನಾನು ಕೀಬೋರ್ಡು ಹಿಡಿದಿದ್ದೇ ಇಲ್ಲಿ ಎಂದಳು. ಅದೇ ಅವನಿಗೆ ಹೆಚ್ಚು ಉರಿಯಿತು. ಅವಳು ಜಂಬ ಮಾಡಿದ್ದರೆ ಬಯ್ಯಲು ಒಂದು ನೆಪವಾದರೂ ಸಿಗುತ್ತಿತ್ತು. ವಿನಯವಾಗಿರುವವರ ಮೇಲೆ ಹೊಟ್ಟೆಕಿಚ್ಚು ಪಡುವುದು ಬಹಳ ಕಷ್ಟದ ಕೆಲಸ, ಎಲ್ಲವನ್ನೂ ಒಳಗೇ ಇಟ್ಟುಕೊಳ್ಳಬೇಕಾಗುತ್ತದೆ.

ಒಂದು ತಿಂಗಳು ಅವಳು ಏನನ್ನೂ ಬದಲಿಸಲಿಲ್ಲ. ಸುಮ್ಮನೆ ಓದಿದಳು. ಅವನು ಬರೆದ ಒಂದೊಂದು ಸಾಲನ್ನೂ ಓದಿ ಪಟ್ಟಿ ಮಾಡಿಕೊಂಡಳು. ಒಂದೇ ಲೆಕ್ಕವನ್ನು ಅವನು ಹನ್ನೊಂದು ಕಡೆ ನಕಲು ಮಾಡಿ ಅಂಟಿಸಿದ್ದ, ಅದರಲ್ಲಿ ಎಂಟನ್ನು ತಿದ್ದಿ ಮೂರನ್ನು ಮರೆತಿದ್ದ. ಕೌದಳ್ಳಿಯ ಸರದಿ ಕೆಟ್ಟಿದ್ದು ಅದರಿಂದಲೇ. ಯಾವ ಊರಲ್ಲಿ ಏನು ಕೆಟ್ಟರೂ ಸುದ್ದಿ ಅವನ ಒಬ್ಬನ ಮೊಬೈಲಿಗೆ ಮಾತ್ರ ಹೋಗುವಂತೆ ನಂಬರನ್ನು ಒಳಗೇ ಬರೆದುಬಿಟ್ಟಿದ್ದ. ಇಂಥವು ನಲವತ್ತೊಂದು ಆದವು. ಯಾವುದನ್ನು ಈಗಲೇ ಸರಿ ಮಾಡಬೇಕು, ಯಾವುದನ್ನು ಮುಂದಿನ ವರ್ಷಕ್ಕೆ ಬಿಡಬಹುದು, ಯಾವುದನ್ನು ಮುಟ್ಟದೆ ಇರುವುದೇ ವಾಸಿ ಎಂದು ಮೂರು ಗುಂಪು ಮಾಡಿ ಆಡಳಿತ ಮಂಡಳಿಯ ಸಭೆಯಲ್ಲಿ ಓದಿದಳು.

ಇಂಥದಕ್ಕೆ ತಮ್ಮಲ್ಲಿ ಟೆಕ್ನಿಕಲ್ ಡೆಟ್ ಎನ್ನುತ್ತಾರೆ ಎಂದು ಅವಳು ಹೇಳಿದಾಗ ಯಾರಿಗೂ ಅರ್ಥವಾಗಲಿಲ್ಲ. ಆಗ ಅವಳು ಕಾಲುವೆಯ ಮಾತಿನಲ್ಲೇ ಹೇಳಿದಳು. ಏರಿ ಒಡೆದಾಗ ಹೊತ್ತಿಗೆ ಸಿಕ್ಕಿದ ಮರಳು ಮೂಟೆ ಇಟ್ಟು ನೀರು ನಿಲ್ಲಿಸುತ್ತೇವೆ, ಆ ಗಳಿಗೆಗೆ ಅದೇ ಸರಿ. ಆದರೆ ಮೂಟೆಯನ್ನು ಅಲ್ಲೇ ಬಿಟ್ಟು ಅದರ ಮೇಲೆ ಇನ್ನೊಂದು, ಮತ್ತೊಂದು ಪೇರಿಸುತ್ತಾ ಹೋದರೆ ಒಂದು ದಿನ ಏರಿ ಎಲ್ಲಿದೆ, ಮೂಟೆ ಎಲ್ಲಿದೆ ಎಂದು ಇಟ್ಟವರಿಗೂ ತಿಳಿಯುವುದಿಲ್ಲ. ‘ಇದು ಯಾರ ತಪ್ಪೂ ಅಲ್ಲ. ಸರ್ ಅವತ್ತು ಮೂಟೆ ಇಡದೆ ಇದ್ದಿದ್ರೆ ನೀರೇ ನಿಲ್ತಿರ್ಲಿಲ್ಲ’ ಎಂದು ಸೇರಿಸಿದಳು. ಮಂಡಳಿಯ ಒಂಬತ್ತು ಜನವೂ ತಲೆದೂಗಿದರು. ಒಂದೇ ಸಲಕ್ಕೆ ಅವರಿಗೆ ತಿಳಿದುಬಿಟ್ಟಿತ್ತು. ಹದಿಮೂರು ವರ್ಷದಿಂದ ಶಿವಕುಮಾರಸ್ವಾಮಿಯ ಮಾತಿಗೂ ಅವರು ತಲೆದೂಗಿದ್ದರು, ಆದರೆ ಅದು ಅರ್ಥವಾಗದೆ ತೂಗಿದ್ದು ಎಂಬುದು ಅವನಿಗೆ ಆವತ್ತೇ ಗೊತ್ತಾಯಿತು.

ಅಲ್ಲಿಂದ ಒಂದೊಂದೇ ಶುರುವಾಯಿತು. ಮೇಜಿನ ಕೆಳಗಿನ ಕಂಪ್ಯೂಟರ್ ಅವನ ಅಂಗಡಿಯಿಂದ ಒಕ್ಕೂಟದ ಕಚೇರಿಗೆ ಹೋಯಿತು. ದೂರುಗಳು ಕಚೇರಿಯ ನಂಬರಿಗೆ ಹೋಗತೊಡಗಿದವು. ದಿನಕ್ಕೆ ನಲವತ್ತಿದ್ದ ಫೋನು ಹತ್ತಾಯಿತು, ಹತ್ತು ಮೂರಾಯಿತು. ಆ ಮೂರರಲ್ಲಿ ಒಂದು ಮೊಬೈಲ್ ಕಂಪನಿಯದ್ದು. ಕೆಂಪನಂಜಪ್ಪನವರ ಬಾಯಲ್ಲಿ ಕುಸುಮನ ಹೆಸರು ಮಾತಿಗೊಂದು ಸಲ ಬರುತ್ತಿತ್ತು. ಕೊನೆಗೆ ಹೆಂಡತಿಯೂ ಒಂದು ಬೆಳಿಗ್ಗೆ, ಆ ಹುಡುಗಿ ಎಷ್ಟು ಚುರುಕು, ನೀವು ಕಲಿಸಿದ್ದಲ್ಲವಾ ಎಂದು ಹೆಮ್ಮೆಯಿಂದಲೇ ಹೇಳಿದಳು. ಅವನು ತಟ್ಟೆಯಲ್ಲಿದ್ದ ಉಪ್ಪಿಟ್ಟನ್ನು ಅರ್ಧಕ್ಕೆ ಬಿಟ್ಟು ಎದ್ದ. ಕಲಿಸಿದವನಿಗೆ ಅವಳಷ್ಟು ಬರುವುದಿಲ್ಲ ಎಂಬುದನ್ನು ಬೇರೆ ಯಾರೂ ಹೇಳಬೇಕಾಗಿರಲಿಲ್ಲ, ಅವಳು ಬರೆದ ಹೊಸ ಸಾಲುಗಳನ್ನು ಅವನು ಕದ್ದು ಓದಿದ್ದ. ಚೆನ್ನಾಗಿದ್ದವು. ತನಗೆ ಎಂದೂ ಹೊಳೆಯದಷ್ಟು ಸರಳವಾಗಿದ್ದವು. ಅವನಿಗೆ ನಿಜವಾಗಿಯೂ ಅಳು ಬಂದಿತ್ತು.

ಪಟ್ಟಿಯಲ್ಲಿದ್ದ ಒಂದೊಂದನ್ನೂ ತೆಗೆಯುವ ಮೊದಲು ಅವಳು ಅವನನ್ನು ಕೇಳುತ್ತಿದ್ದಳು. ಹಾಳೆಯಲ್ಲಿ ಅದಕ್ಕೆಂದೇ ಒಂದು ಕಾಲಂ ಮಾಡಿದ್ದಳು, ‘ಯಾಕೆ ಹೀಗಿದೆ’ ಎಂದು. ಮೂರು ದಿನ ಅವನ ಎದುರು ಕೂತು ಕೇಳಿ ಬರೆದುಕೊಂಡಳು. ಕೆಲವಕ್ಕೆ ಅವನು ಉತ್ತರ ಹೇಳಿದ, ಕೆಲವಕ್ಕೆ ನೆನಪಿಲ್ಲ ಎಂದ. ಮೂರನೇ ದಿನ ಮಧ್ಯಾಹ್ನ ಕೊನೆಯದು ಉಳಿಯಿತು, ನಲವತ್ತೊಂದನೆಯದು.

ಯಳಂದೂರು ಕಡೆಯ ಅಗರ ಎಂಬ ಊರಿನ ಆರನೇ ತೂಬಿನಲ್ಲಿ ಹದಿನೆಂಟನೇ ಸರದಿಗೂ ಹತ್ತೊಂಬತ್ತನೇ ಸರದಿಗೂ ನಡುವೆ ನಲವತ್ತು ನಿಮಿಷ ಖಾಲಿ ಬಿಟ್ಟಿತ್ತು. ಯಾರ ಹೆಸರೂ ಇಲ್ಲ. ಯಾವ ಮೆಸೇಜೂ ಹೋಗುವುದಿಲ್ಲ. ಬೇರೆ ಯಾವ ತೂಬಿನಲ್ಲೂ ಇಂಥದಿಲ್ಲ. ಇದು ಯಾಕೆ ಎಂದು ಅವಳು ಕೇಳಿದಳು.

ಯಾಕೆ ಎಂದು ಜಗತ್ತಿನಲ್ಲಿ ಗೊತ್ತಿದ್ದವರು ಆಗ ಇಬ್ಬರೇ. ಅವನು, ಇನ್ನೊಬ್ಬಳು ಶಿವಮ್ಮ. ಶಿವಮ್ಮನ ತೀರಿಕೊಂಡ ಗಂಡ ದೊಡ್ಡಸಿದ್ದಯ್ಯ ಅಗರದ ನೀರುಗಂಟಿಯಾಗಿದ್ದ. ತೂಬು ಎತ್ತಿ ಇಳಿಸಿ ಯಾರ ಗದ್ದೆಗೆ ಎಷ್ಟು ನೀರು ಎಂದು ಹಂಚುವ ಕೆಲಸ ಅವನ ಮನೆತನಕ್ಕೆ ತಾತನ ಕಾಲದಿಂದ ಬಂದಿತ್ತು. ಸಾಫ್ಟ್‌ವೇರ್ ಬರೆಯುವ ಮೊದಲು ಮೂರು ತಿಂಗಳು ಅವನು ಶಿವಕುಮಾರಸ್ವಾಮಿಯನ್ನು ಕಾಲುವೆ ಉದ್ದಕ್ಕೂ ನಡೆಸಿಕೊಂಡು ಹೋಗಿ, ಯಾವ ಗದ್ದೆ ಎಷ್ಟು ಹೊತ್ತಿಗೆ ನೆನೆಯುತ್ತದೆ, ಯಾವ ಮಣ್ಣು ಬೇಗ ಕುಡಿಯುತ್ತದೆ, ಎಲ್ಲಿ ಏಡಿ ಬಿಲ ತೋಡಿ ನೀರು ಸೋರುತ್ತದೆ ಎಂದು ಹೇಳಿಕೊಟ್ಟ. ಅವನು ನೆರಳು ನೋಡಿ ಹೊತ್ತು ಹೇಳುವನು, ಇವನು ವಾಚು ನೋಡಿ ಬರೆದುಕೊಳ್ಳುವನು. ಸಾಫ್ಟ್‌ವೇರ್ ಬಂದ ಮೇಲೆ ನೀರುಗಂಟಿಯ ಕೆಲಸ ಇರುವುದಿಲ್ಲ ಎಂಬುದು ಇಬ್ಬರಿಗೂ ತಿಳಿದಿತ್ತು. ಕೊನೆಯ ದಿನ ದೊಡ್ಡಸಿದ್ದಯ್ಯ ಕೇಳಿಕೊಂಡಿದ್ದು ಒಂದೇ ಮಾತು, ತನ್ನ ಅರ್ಧ ಎಕರೆಯನ್ನು ಮಾತ್ರ ಒಣಗಿಸಬೇಡಿ ಎಂದು.

ಆ ಅರ್ಧ ಎಕರೆ ಆರನೇ ತೂಬಿನ ಕೆಳಗಿತ್ತು. ನೀರು ಹಂಚುವ ಕೆಲಸಕ್ಕಾಗಿ ಊರು ಯಾವುದೋ ಕಾಲದಲ್ಲಿ ಬಿಟ್ಟುಕೊಟ್ಟ ನೆಲ, ಪಹಣಿ ಅವರ ಹೆಸರಿಗೆ ಎಂದೂ ಆಗಿರಲಿಲ್ಲ. ಪಹಣಿ ಇಲ್ಲದವರು ಸಂಘದ ಸದಸ್ಯರಲ್ಲ, ಸದಸ್ಯರಲ್ಲದವರಿಗೆ ಸರದಿ ಇಲ್ಲ. ಮಂಡಳಿಯ ಮುಂದೆ ಕೇಳಿದ್ದರೆ ಆಗುವುದಿಲ್ಲ ಎನ್ನುತ್ತಿದ್ದರು. ಶಿವಕುಮಾರಸ್ವಾಮಿ ಯಾರನ್ನೂ ಕೇಳದೆ ನಲವತ್ತು ನಿಮಿಷ ಖಾಲಿ ಬಿಟ್ಟ. ಹದಿನೆಂಟನೆಯವರು ತಮ್ಮ ಗದ್ದೆಯ ಬಾಯಿ ಮುಚ್ಚಿದ ಮೇಲೆ ಹತ್ತೊಂಬತ್ತನೆಯವರು ತಮ್ಮದನ್ನು ತೆಗೆಯುವ ತನಕ ನೀರು ಶಿವಮ್ಮನ ಗದ್ದೆಗೆ. ಕೇಳಿದವರಿಗೆ ಅದು ಕಾಲುವೆ ತುಂಬುವ ಹೊತ್ತು ಎಂದ. ಅವನು ಬಾಳಿನಲ್ಲಿ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು. ಆದರೆ ಅದನ್ನು ಎಲ್ಲೂ ಬರೆದಿಡಲಿಲ್ಲ. ತನ್ನೊಬ್ಬನಿಗೇ ಗೊತ್ತು ಎಂಬ ಸುಖ ಬರೆದಿಟ್ಟರೆ ಹೋಗುತ್ತದೆ.

‘ಹಳೇ ಕಸ. ತೆಗೆದುಬಿಡು’ ಎಂದ ಶಿವಕುಮಾರಸ್ವಾಮಿ.

ಅವಳು ಬರೆಯಲಿಲ್ಲ. ಪೆನ್ನು ಹಿಡಿದುಕೊಂಡೇ, ಒಂದು ಸಲ ಅಗರಕ್ಕೆ ಹೋಗಿ ಆ ತೂಬಿನ ಮೇಲೆ ನಡೆದು ನೋಡಿ ಬರಲೇ ಎಂದು ಕೇಳಿದಳು. ಆಗಲೂ ಹೇಳಬಹುದಾಗಿತ್ತು. ಅವನ ನಾಲಿಗೆಯ ತುದಿಗೆ ದೊಡ್ಡಸಿದ್ದಯ್ಯನ ಹೆಸರು ಬಂದಿತ್ತು ಕೂಡ. ಆದರೆ ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ತೆಗೆಯಲಿ. ನೀರು ನಿಲ್ಲಲಿ. ದೂರು ಬರಲಿ. ಆಗ ಈ ಜಾಣೆ ಏನು ಮಾಡುತ್ತಾಳೆ ನೋಡೋಣ, ಕೊನೆಗೆ ನೀರುಸ್ವಾಮಿಯ ಬಾಗಿಲಿಗೇ ಬರಬೇಕು.

‘ಯಾಕಮ್ಮ, ನನ್ನ ಮಾತಲ್ಲಿ ನಂಬಿಕೆ ಇಲ್ವಾ?’ ಎಂದ.

ಅವಳಿಗೆ ನಾಚಿಕೆಯಾಯಿತು. ತಪ್ಪು ತಿಳಿಯಬೇಡಿ ಸಾ ಎಂದು, ಕಾಲಂನಲ್ಲಿ ‘ಹಳೆಯದು, ತೆಗೆಯಬಹುದು, ಸರ್ ಹೇಳಿದ್ದಾರೆ’ ಎಂದು ಬರೆದಳು.

ಹೊಸ ಸರದಿ ಶ್ರಾವಣದ ಮೊದಲ ವಾರ ಶುರುವಾಯಿತು. ಅಗರದಲ್ಲಿ ನಾಟಿ ಮುಗಿದಿತ್ತು, ಆರನೇ ತೂಬಿಗೆ ಎಂಟು ದಿನಕ್ಕೊಂದು ಸರದಿ ನೀರು. ಮೊದಲ ಸರದಿಯ ದಿನ ಶಿವಕುಮಾರಸ್ವಾಮಿ ಫೋನನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂತ. ಬರಲಿಲ್ಲ. ಮಾರನೇ ದಿನವೂ ಬರಲಿಲ್ಲ. ಎರಡನೇ ಸರದಿಯೂ ಹೋಯಿತು. ಯಾವುದೋ ನೆಪ ತೆಗೆದು ಒಕ್ಕೂಟದ ಕಚೇರಿಗೆ ಹೋಗಿ, ಎಲ್ಲ ಸರಿ ಹೋಗ್ತಿದೆಯಾ, ಅಗರದ ಕಡೆಯಿಂದ ಏನೂ ತಕರಾರು ಇಲ್ಲವಾ ಎಂದು ವಿಚಾರಿಸಿದ. ಕುಸುಮ ಖುಷಿಯಿಂದ, ಒಂದೂ ಇಲ್ಲ ಸಾ ಎಂದಳು.

ಅದಕ್ಕಿಂತ ಹೆಚ್ಚಿನದನ್ನು ಕೆಂಪನಂಜಪ್ಪ ಹೇಳಿದರು. ಆರನೇ ತೂಬಿನಲ್ಲಿ ಯಾವುದೋ ಹಾಳು ನಲವತ್ತು ನಿಮಿಷ ಇತ್ತಂತೆ, ಅದನ್ನು ತೆಗೆದಿದ್ದಕ್ಕೆ ಈಗ ಕೊನೆಯ ಗದ್ದೆಗಳವರೆಗೂ ನೀರು ಮುಟ್ಟುತ್ತಿದೆಯಂತೆ. ಅಲ್ಲಿನ ಐದಾರು ಜನ ಕಚೇರಿಗೆ ಬಂದು ಆ ಹುಡುಗಿಗೆ ಬಾಳೆಗೊನೆ ಕೊಟ್ಟು ಹೋದರಂತೆ. ಗೊನೆ ಕಚೇರಿಯ ಮೂಲೆಯಲ್ಲೇ ಒರಗಿಸಿತ್ತು. ಕುಸುಮ ಅದರಿಂದ ಒಂದು ಚಿಪ್ಪು ಕಿತ್ತು ಅವನ ಕೈಗೆ ಕೊಟ್ಟಳು. ಅವನು ತೋಡಿದ ಗುಂಡಿಯ ಮೇಲೆ ಜನ ಅವಳಿಗೆ ಪೀಠ ಹಾಕಿ ಕೂರಿಸಿದ್ದರು. ಬಸ್ ನಿಲ್ದಾಣದ ತನಕ ಆ ಚಿಪ್ಪನ್ನು ಹಿಡಿದುಕೊಂಡು ಹೋಗಿ ಅಲ್ಲೊಂದು ಹಸುವಿನ ಮುಂದೆ ಹಾಕಿದ.

ಆ ದಿನಗಳಲ್ಲಿ ಅವನು ಮಲಗಿದರೂ ಎದ್ದರೂ ಯೋಚಿಸಿದ್ದು ಕುಸುಮನನ್ನು. ಅವಳ ನಡಿಗೆ, ಅವಳ ಹಾಳೆ, ಅವಳು ಮಾತಾಡುವಾಗ ತಲೆದೂಗುವ ಜನ. ಯಾಕೆ ಇನ್ನೂ ದೂರು ಬರಲಿಲ್ಲ ಎಂದು ಹಲ್ಲು ಕಡಿದ. ದೂರು ಕೊಡಬೇಕಾದವಳ ಗದ್ದೆ ಹೇಗಿದೆ ಎಂದು ಒಂದು ಸಲವೂ ಅವನಿಗೆ ಅನ್ನಿಸಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗಬೇಕಾದ ಸಂಗತಿ, ಆದರೆ ನಿಜ.

ಮೂರನೇ ಸರದಿಯೂ ಕಳೆದ ಎರಡು ದಿನಕ್ಕೆ, ಬೆಳಿಗ್ಗೆ ಹತ್ತರ ಹೊತ್ತಿಗೆ, ಶಿವಮ್ಮ ಅವನ ಅಂಗಡಿಗೆ ಬಂದಳು. ಅರವತ್ತು ದಾಟಿದ ಹೆಂಗಸು. ಯಳಂದೂರಿನ ಬಸ್ಸಿನಲ್ಲಿ ಬಂದವಳು ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು, ಕೈಯಲ್ಲಿದ್ದ ಚೀಲವನ್ನು ಬಾಗಿಲ ಪಕ್ಕ ಇಟ್ಟಳು. ಚೀಲದಲ್ಲಿ ನುಗ್ಗೆಕಾಯಿ ಇತ್ತು. ಎಷ್ಟು ಹೇಳಿದರೂ ಕುರ್ಚಿಯ ಮೇಲೆ ಕೂರಲಿಲ್ಲ. ಶಿವಕುಮಾರಸ್ವಾಮಿಗೆ ಮೊದಲು ಆಗಿದ್ದು ಸಂತೋಷ. ಬಂತು ದೂರು, ಅಂತೂ ಬಂತು ಎಂದುಕೊಂಡ.

‘ಸ್ವಾಮ್ಯೋರೆ, ಮೂರ್ ಸರ್ತಿಯಿಂದ ನೀರ್ ಬತ್ತಾ ಇಲ್ಲ’ ಎಂದಳು ಶಿವಮ್ಮ. ‘ನನ್ನಿಂದ ಏನಾರ ತಪ್ಪಾಗಿದ್ರೆ ಒಟ್ಟೆಗಾಕಳಿ. ನೀವು ಕ್ವಾಪ ಮಾಡ್ಕಂಡ್ರೆ ನಾನ್ ಯಾರ್ತಾವ ಓಗ್ಲಿ?’

ಒಂದೊಂದಾಗಿ ಕೇಳಿದಾಗ ವಿಷಯ ತಿಳಿಯಿತು. ಅದು ಸ್ವಾಮ್ಯೋರು ನಮಗೆ ಅಂತ ಬಿಟ್ಟಿರುವ ನೀರು, ಯಾರ ಹತ್ತಿರವೂ ಬಾಯಿ ಬಿಡಬೇಡ, ಬಿಟ್ಟರೆ ಅವರಿಗೇ ತೊಂದರೆ ಎಂದು ದೊಡ್ಡಸಿದ್ದಯ್ಯ ಸಾಯುವ ಮೊದಲು ಹೆಂಡತಿಗೆ ಹೇಳಿದ್ದ. ಆದ್ದರಿಂದ ಅವಳು ಸಂಘಕ್ಕೆ ಹೋಗಲಿಲ್ಲ, ಕುಸುಮನ ಹತ್ತಿರ ಹೋಗಲಿಲ್ಲ, ಪಕ್ಕದ ಗದ್ದೆಯವರನ್ನೂ ಕೇಳಲಿಲ್ಲ. ಮೊದಲ ಸರದಿ ತಪ್ಪಿದಾಗ ಮರೆತಿರಬೇಕು ಎಂದುಕೊಂಡಳಂತೆ. ಎರಡನೆಯದು ತಪ್ಪಿದಾಗ, ತಾನು ಏನೋ ಮಾಡಿರಬೇಕು, ಅದಕ್ಕೇ ನಿಲ್ಲಿಸಿದ್ದಾರೆ ಎಂದು ತೀರ್ಮಾನಕ್ಕೆ ಬಂದಳು. ಹೋದ ಯುಗಾದಿಗೆ ಅವನ ಮನೆಗೆ ಅಕ್ಕಿ ತಂದುಕೊಡಲಾಗಲಿಲ್ಲ, ಅದೇ ಇರಬೇಕು ಎಂದು ಎಂಟು ದಿನ ಕೊರಗಿದಳು. ಮಳೆಯೂ ಕೈಕೊಟ್ಟಿತ್ತು. ಅಲ್ಲಿಯವರೆಗೆ ಕೊಡದಲ್ಲಿ ಹೊತ್ತು ಎಷ್ಟು ಆಗುತ್ತದೋ ಅಷ್ಟು ಪೈರಿಗೆ ಹಾಕಿದ್ದಳು. ಅರ್ಧ ಎಕರೆ ಗದ್ದೆಗೆ, ಕೊಡದಲ್ಲಿ.

ಶಿವಕುಮಾರಸ್ವಾಮಿ ಅಂಗಡಿಯ ಬಾಗಿಲು ಹಾಕುವುದನ್ನೂ ಮರೆತು ಒಕ್ಕೂಟದ ಕಚೇರಿಗೆ ನಡೆದ. ದಾರಿಯುದ್ದಕ್ಕೂ ಅವನು ಕಟ್ಟಿಕೊಂಡ ಮಾತು ಒಂದೇ. ಕುಸುಮ ಎದ್ದು ನಿಂತಾಗ ಅದನ್ನೇ ಹೇಳಿದ. ಆ ನಲವತ್ತು ನಿಮಿಷ ಯಾರದು ಎಂದು ಈಗ ನೆನಪಾಯಿತು, ಅವತ್ತು ಮರೆತುಬಿಟ್ಟಿದ್ದೆ, ವಯಸ್ಸಾಯಿತು ನೋಡು.

ಅವಳು ಅವನನ್ನು ಒಂದು ಗಳಿಗೆ ನೋಡಿದಳು. ಅವತ್ತು ನೀರಿನ ಸರದಿ ಇದ್ದವರಿಗೆ ಅಲ್ಲೇ ಫೋನು ಮಾಡಿ ಒಪ್ಪಿಸಿ, ತಾನೇ ಅವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಅಗರಕ್ಕೆ ಹೋಗಿ, ಮಧ್ಯಾಹ್ನ ಎರಡರ ಹೊತ್ತಿಗೆ ನೀರು ಬಿಡಿಸಿದಳು. ಗದ್ದೆಯ ಮೇಲಿನ ಭಾಗ ಬಿರುಕು ಬಿಟ್ಟು ಪೈರು ಒಣ ಹುಲ್ಲಾಗಿತ್ತು. ಕೆಳಗೆ, ಶಿವಮ್ಮ ಕೊಡದಲ್ಲಿ ನೀರು ಹಾಕಿದ್ದ ಕಡೆ, ಕಾಲು ಭಾಗದಷ್ಟು ಮಾತ್ರ ಹಸಿರಿತ್ತು. ಅಷ್ಟರಲ್ಲಿ ಶಿವಮ್ಮನೂ ಬಸ್ಸಿನಲ್ಲಿ ವಾಪಸು ಬಂದಿದ್ದಳು, ನೀರು ಬಿರುಕುಗಳೊಳಗೆ ಇಳಿಯುವುದನ್ನು ಮೂವರೂ ಬದುವಿನ ಮೇಲೆ ನಿಂತು ನೋಡಿದರು.

ಹದಿನೈದು ದಿನಕ್ಕೆ ಒಕ್ಕೂಟದ ವಾರ್ಷಿಕ ಸಭೆ ಅಗರದ ಸಂಘದ ಕಟ್ಟಡದಲ್ಲೇ ನಡೆಯಿತು. ನೂರಕ್ಕೂ ಹೆಚ್ಚು ಜನ ಸೇರಿದ್ದರು. ಶಿವಮ್ಮನನ್ನೂ ಕರೆಸಿ ಹೆಂಗಸರ ಸಾಲಿನಲ್ಲಿ ಕೂರಿಸಿದ್ದರು. ಕೆಂಪನಂಜಪ್ಪ ಎದ್ದು ನಿಂತು ನಡೆದಿದ್ದನ್ನೆಲ್ಲ ಹೇಳಿದರು. ಹದಿಮೂರು ವರ್ಷದ ಹಿಂದೆ ಯಾರೂ ಯೋಚಿಸದಿದ್ದಾಗ ಒಬ್ಬ ನೀರುಗಂಟಿಯ ಸಂಸಾರಕ್ಕೆ ನೀರು ಉಳಿಸಿದ, ಈಗಲೂ ಸಮಯಕ್ಕೆ ನೆನಪು ಮಾಡಿಕೊಂಡು ಓಡಿ ಬಂದ ದೊಡ್ಡ ಮನುಷ್ಯ ಇವರು ಎಂದು ಶಿವಕುಮಾರಸ್ವಾಮಿಗೆ ಶಾಲು ಹೊದಿಸಿದರು. ಜನ ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ಎಷ್ಟೋ ತಿಂಗಳಿಂದ ಇದಕ್ಕಾಗಿ ಅವನು ಬಾಯಿ ಬಿಟ್ಟುಕೊಂಡು ಕಾದಿದ್ದ. ಈಗ ಬಂದಾಗ ಕತ್ತಿನ ಹತ್ತಿರ ಶಾಲು ಚುಚ್ಚುತ್ತಿತ್ತು.

ಆಮೇಲೆ ಕುಸುಮ ಎದ್ದಳು. ಅವಳ ಕೈಯಲ್ಲಿ ಅದೇ ಪಟ್ಟಿಯ ಹಾಳೆಗಳಿದ್ದವು. ನಲವತ್ತೊಂದನೇ ಸಾಲಿನಲ್ಲಿ ಅವಳೇ ಬರೆದ ಮಾತು ಅಲ್ಲಿತ್ತು, ಸರ್ ಹೇಳಿದ್ದಾರೆ ಎಂದು. ಈಗ ಓದುತ್ತಾಳೆ ಎಂದು ಶಿವಕುಮಾರಸ್ವಾಮಿ ಕುರ್ಚಿಯ ಕೈ ಹಿಡಿದುಕೊಂಡ. ಅವಳು ಹಾಳೆಯನ್ನು ಬಿಡಿಸಲೇ ಇಲ್ಲ.

‘ತಪ್ಪು ನಂದು. ಕೇಳಿದ್ರೆ ಸಾಲದು, ಗದ್ದೆ ಮೇಲೆ ನಡೆದು ನೋಡ್ಬೇಕಿತ್ತು. ನೋಡದೆ ತೆಗೆದೆ’ ಎಂದಳು. ಶಿವಮ್ಮನ ಕಡೆ ತಿರುಗಿ ಕೈ ಮುಗಿದಳು. ಇನ್ನು ಮುಂದೆ ಆ ನಲವತ್ತು ನಿಮಿಷ ಖಾಲಿ ಇರುವುದಿಲ್ಲ, ಪಹಣಿ ಇದ್ದರೂ ಇಲ್ಲದಿದ್ದರೂ ಅಲ್ಲಿ ಶಿವಮ್ಮ ಎಂದು ಹೆಸರಿರುತ್ತದೆ, ಯಾಕಿದೆ ಎಂಬುದನ್ನೂ ಪಕ್ಕದಲ್ಲೇ ಬರೆದಿರುತ್ತದೆ, ಮಂಡಳಿ ಒಪ್ಪಿದೆ ಎಂದು ತಿಳಿಸಿದಳು. ಹೇಳಿ ಕೂತಳು. ಯಾರೂ ಅವಳನ್ನು ಬಯ್ಯಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಒಬ್ಬರು, ಒಪ್ಪಿಕೊಂಡಳಲ್ಲ ಬಿಡು ಎಂದರು.

ಶಿವಕುಮಾರಸ್ವಾಮಿ ಅವಳನ್ನೇ ನೋಡುತ್ತಿದ್ದ. ಅವಳ ಓದಿಗೆ, ಅವಳ ಜಾಣತನಕ್ಕೆ, ಅವಳಿಗೆ ಬಂದ ಬಾಳೆಗೊನೆಗೆ ಅವನು ಹೊಟ್ಟೆ ಉರಿದುಕೊಂಡಿದ್ದು ಇದರ ಮುಂದೆ ಏನೂ ಅಲ್ಲ. ತನ್ನದಲ್ಲದ ತಪ್ಪನ್ನು ನೂರು ಜನರ ಮುಂದೆ ತನ್ನದು ಎಂದು ಹೇಳಿ, ಅವಳು ಎಷ್ಟು ಹಗುರವಾಗಿ ಕೂತಿದ್ದಳು. ಅವಳಿಗೆ ಎಲ್ಲ ಗೊತ್ತು, ಸ್ಕೂಟರಿನ ದಿನದಿಂದಲೇ ಗೊತ್ತು. ಗೊತ್ತಿದ್ದೂ ಅವನನ್ನು ಉಳಿಸಿದ್ದಳು. ಅದನ್ನು ಮಾತ್ರ ಅವನಿಗೆ ಸಹಿಸಲಾಗಲಿಲ್ಲ. ಅದೊಂದನ್ನಾದರೂ ಅವಳಿಂದ ಕಿತ್ತುಕೊಳ್ಳಬೇಕು ಎನ್ನುವ ಹಾಗೆ ಅವನು ಎದ್ದ.

‘ನಾನು ಮರೆತಿರ್ಲಿಲ್ಲ’ ಎಂದ. ‘ಗೊತ್ತಿತ್ತು. ಈ ಹುಡುಗಿ ಕೇಳಿದ್ಲು, ಎರಡು ಸಲ ಕೇಳಿದ್ಲು. ಗೊತ್ತಿದ್ದೇ ತೆಗೀ ಅಂದೆ.’

ಕುಸುಮ ತಲೆ ತಗ್ಗಿಸಿದಳು. ಎದ್ದು ನಿಂತಿದ್ದು ಶಿವಮ್ಮ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಎಷ್ಟೋ ದಿನದಿಂದ ಬಗೆಹರಿಯದ ಒಂದು ಪ್ರಶ್ನೆಯನ್ನು ಕೇಳಲು ಸಮಯ ಸಿಕ್ಕಿತು ಎಂಬಂತೆ ಕೇಳಿದಳು.

‘ಯಾಕ್ ಸ್ವಾಮ್ಯೋರೆ? ನಾನೇನ್ ಮಾಡಿದ್ದಿ?’

ಹೇಳಲು ಆ ಹೊತ್ತಿಗೆ ಅವನ ಹತ್ತಿರ ಒಂದು ಸುಳ್ಳೂ ಉಳಿದಿರಲಿಲ್ಲ.

‘ನೀನೇನೂ ಮಾಡಿಲ್ಲ ಕಣಮ್ಮ. ಈ ಹುಡುಗಿಗೆ ಕೆಟ್ಟ ಹೆಸರು ಬರ್ಲಿ ಅಂತ ಮಾಡಿದ್ದು. ನಿನ್ನ ನೆನಪೇ ಬರ್ಲಿಲ್ಲ ನಂಗೆ.’

ಶಿವಮ್ಮನ ಹೆಗಲು ಇಳಿಯಿತು. ಮುಖದ ಮೇಲೆ ಒಂದು ನೆಮ್ಮದಿ ಬಂತು.

‘ಸದ್ಯ’ ಎಂದಳು. ‘ನನ್ ಮ್ಯಾಲೆ ಕ್ವಾಪ ಇರ್ನಿಲ್ವಲ್ಲ, ಅಷ್ಟೇ ಸಾಕು ಬುಡಿ.’

ಹಾಗೆಂದು ಸೆರಗು ಸರಿಮಾಡಿಕೊಂಡು ತನ್ನ ಜಾಗದಲ್ಲಿ ಕೂತಳು. ಶಿವಕುಮಾರಸ್ವಾಮಿ ನಿಂತೇ ಇದ್ದ. ಯಾರೂ ಅವನಿಗೆ ಕೂತುಕೊಳ್ಳಿ ಎನ್ನಲಿಲ್ಲ.